ಬಾಲ್ಜಾಕನ ಮೂರ್ತಿ: ಗಿರಾಕಿ ಒಲ್ಲೆನೆಂದ ಮಾಲು

ಫ್ರಾನ್ಸ್ ದೇಶದ ಕಾದಂಬರಿಕಾರ ಬಾಲ್ಜಾಕ್ ನಮ್ಮ ವ್ಯಾಪಾರಸ್ಥ ವಾಚಕರು ತಿಳಿದಿರಬೇಕಾದ ಮನುಷ್ಯ. ತರುಣನಿದ್ದಾಗ ಪ್ಯಾರಿಸ್ಸಿನಲ್ಲಿ ಛಾಪಖಾನೆ ಹಾಕಿದ. 1828ರಲ್ಲಿ ಅದು ಮುಳುಗಿತು. ಆಮೇಲೆ ಸಾಲ ಹೊತ್ತುಕೊಂಡೇ ಬದುಕಿದ. ರಾತ್ರಿಯೆಲ್ಲ ಸನ್ಯಾಸಿಯಂಥ ನಿಲುವಂಗಿ ತೊಟ್ಟು, ಕಾಫಿ ಕುಡಿಯುತ್ತ ಬರೆದ. ಬಡ್ಡಿ, ವಾರಸಾ, ದಿವಾಳಿ ಇವುಗಳ ಒಳಗುಟ್ಟು ಅವನಷ್ಟು ಬಲ್ಲ ಲೇಖಕರು ವಿರಳ. 1850ರಲ್ಲಿ ತೀರಿಕೊಂಡ.

ಪ್ಯಾರಿಸ್ಸಿನ ಲೇಖಕರ ಸಂಘ ಅವನ ಮೂರ್ತಿ ನಿಲ್ಲಿಸಲು ಹೊರಟಿತು. ಮೊದಲು ಕೆಲಸ ಹಿಡಿದ ಶಾಪು ಎಂಬ ಶಿಲ್ಪಿ 1891ರಲ್ಲಿ ಮೃತನಾದ. ಆಗ ಸಂಘದ ಅಧ್ಯಕ್ಷನಾಗಿದ್ದ ಎಮಿಲ್ ಜೋಲಾನ ಒತ್ತಾಸೆಯಿಂದ ಕೆಲಸ ಆಗಸ್ಟ್ ರೋಡಿನ್‌ಗೆ ಸಿಕ್ಕಿತು. ಕರಾರಾಯಿತು: ಕಂಚಿನ ಮೂರ್ತಿ, ವಾಯಿದೆ 1893ರ ಮೇ, ಸಂಚಕಾರ 10,000 ಫ್ರಾಂಕ್.

ಸತ್ತು ನಾಲ್ವತ್ತು ವರ್ಷವಾದವನ ರೂಪ ಹಿಡಿಯುವುದು ಹೇಗೆ? ರೋಡಿನ್ ಬಾಲ್ಜಾಕನ ಸೀಮೆಯಾದ ತುರೇನ್ ಪ್ರಾಂತಕ್ಕೆ ಹೋದ. ಅವನನ್ನು ಹೋಲುತ್ತಿದ್ದ ಒಬ್ಬ ಗಾಡಿಯವನನ್ನು ಕೂರಿಸಿ ಮಣ್ಣಿನಲ್ಲಿ ತಲೆ ಮಾಡಿದ. ಬಾಲ್ಜಾಕನ ಹಳೆಯ ದರ್ಜಿಯ ಬಳಿ ಮೈಯಳತೆ ಉಳಿದಿತ್ತು. ಆ ಅಳತೆಗೆ ಬಟ್ಟೆ ಹೊಲಿಸಿದ! ಬರಿಮೈಯ, ಡೊಳ್ಳುಹೊಟ್ಟೆಯ ಮೂರ್ತಿಗಳನ್ನು ಮಾಡಿ ನೋಡಿದ. ಕೊನೆಗೆ ನಿಜವಾದ ನಿಲುವಂಗಿಯನ್ನೇ ಗಾರೆಯಲ್ಲಿ ಅದ್ದಿ ಹೊದಿಸಿದ.

ಇಷ್ಟರಲ್ಲಿ ವಾಯಿದೆ ದಾಟಿಹೋಗಿತ್ತು. 1894ರಲ್ಲಿ ಸಂಘದಲ್ಲಿ ದೊಡ್ಡ ಜಗಳವೇ ಆಗಿ, ಶಿಲ್ಪಿಯ ಪರವಾಗಿದ್ದ ಹೊಸ ಅಧ್ಯಕ್ಷ ರಾಜೀನಾಮೆ ಕೊಟ್ಟ. ರೋಡಿನ್ ಸಂಚಕಾರದ ಹಣವನ್ನು ಠೇವಣಿ ಇಟ್ಟು ಕೆಲಸ ಮುಂದುವರಿಸಿದ.

1898ರಲ್ಲಿ ಪ್ಯಾರಿಸ್ಸಿನ ಕಲಾಪ್ರದರ್ಶನದಲ್ಲಿ ಸುಮಾರು ಒಂಬತ್ತು ಅಡಿಯ ಗಾರೆಯ ಮೂರ್ತಿ ನಿಂತಿತು. ಕೈಯಲ್ಲಿ ಲೇಖನಿಯಿಲ್ಲ, ಪುಸ್ತಕವಿಲ್ಲ, ಕೈಗಳೇ ಕಾಣವು. ಹಿಂದಕ್ಕೆ ವಾಲಿದ ಮೈ, ಮೇಲೊಂದು ಸಿಂಹದಂಥ ತಲೆ. ಜನ ನಕ್ಕರು. ಹಿಮದ ಬೊಂಬೆ ಎಂದರು, ಮೂಟೆ ಎಂದರು. ಇದನ್ನು ಬಾಲ್ಜಾಕನೆಂದು ಒಪ್ಪಲಾರೆವೆಂದು ಸಂಘ ಠರಾವು ಮಾಡಿತು.

ಐದು ವರ್ಷ ತಡಮಾಡಿದವನ ಮೇಲೆ ಗಿರಾಕಿ ಸಿಟ್ಟಾದರೆ ತಪ್ಪೆನ್ನಲಾರೆ. ಆದರೆ ಇಂಥ ಕೆಲಸಗಾರನನ್ನು ಆರಿಸಿದ ಮೇಲೆ, ತಮ್ಮ ಮನಸ್ಸಿನಲ್ಲಿದ್ದ ಗೊಂಬೆಯೇ ಬರಲಿಲ್ಲವೆಂದು ದೂರುವುದು ಯಾವ ನ್ಯಾಯ?

ರೋಡಿನ್ ಕೋರ್ಟಿಗೆ ಹೋಗಲಿಲ್ಲ. ಸಂಚಕಾರ ಹಿಂದಿರುಗಿಸಿದ. ಪೆಲ್ಲೆರಾಂ ಎಂಬ ಶ್ರೀಮಂತ 20,000 ಫ್ರಾಂಕಿಗೆ ಮೂರ್ತಿ ಕೇಳಿದರೂ ಕೊಡಲಿಲ್ಲ. ಸ್ನೇಹಿತರು ವಂತಿಗೆ ಕೂಡಿಸಿದರು, ಅದನ್ನೂ ಒಲ್ಲೆನೆಂದ. ದ್ರೇಫ್ಯೂಸ್ ಎಂಬ ಯಹೂದಿ ಸೇನಾಧಿಕಾರಿಯ ಪರ ಬರೆದುದಕ್ಕೆ ಅದೇ ವರ್ಷ ಜೋಲಾನಿಗೆ ಶಿಕ್ಷೆಯಾಗಿತ್ತು. ವಂತಿಗೆಯವರಲ್ಲಿ ಜೋಲಾನ ಪಕ್ಷದವರೇ ಬಹಳ. ಮೂರ್ತಿ ಆ ಜಗಳಕ್ಕೆ ಸಿಕ್ಕೀತೆಂದು ಶಿಲ್ಪಿ ಅಂಜಿದ. ಗಾರೆಯ ಬಾಲ್ಜಾಕನನ್ನು ಮೂದೋಂ ಎಂಬಲ್ಲಿದ್ದ ತನ್ನ ಮನೆಗೆ ಒಯ್ದ.

ಸಂಘ ಕೆಲಸವನ್ನು ಫಾಲ್ಗಿಯೇರ್ ಎಂಬ ಶಿಲ್ಪಿಗೆ ಕೊಟ್ಟಿತು. ಅವನು ರೋಡಿನ್‌ನ ಗೆಳೆಯ. ಮನಸ್ತಾಪವಿಲ್ಲೆಂದು ತೋರಿಸಲು ಇಬ್ಬರೂ ಒಬ್ಬರ ಮುಖಶಿಲ್ಪ ಇನ್ನೊಬ್ಬರು ಮಾಡಿದರು. ಫಾಲ್ಗಿಯೇರ್ ಮಾಡಿದ ಕುಳಿತ ಬಾಲ್ಜಾಕ್ 1902ರಲ್ಲಿ ಅನಾವರಣವಾಯಿತು. ತನ್ನ ಬಾಲ್ಜಾಕ್ ಪ್ಯಾರಿಸ್ಸಿನ ಬೀದಿಯಲ್ಲಿ ನಿಂತದ್ದನ್ನು ರೋಡಿನ್ ಕಾಣಲಿಲ್ಲ, 1917ರಲ್ಲಿ ತೀರಿಕೊಂಡ. 1939ರಲ್ಲಿ ಆ ಮೂರ್ತಿಯ ಕಂಚಿನ ಎರಕವನ್ನು ರಾಸ್ಪೈ ಮಾರ್ಗದಲ್ಲಿ ನಿಲ್ಲಿಸಿದರು.