ನೇಗಿಲಿಗೆ ಕೈಯಿಟ್ಟ ಮೇಲೆ
(ಜನವರಿ 16: ಸಂತ ಜೋಸೆಫ್ ವಾಜ್ ಅವರ ಹಬ್ಬ)



ಪ್ರಭು ಯೇಸು ದಾರಿಯಲ್ಲಿ ಭೇಟಿಯಾದ ಮೂವರ ಪ್ರಸಂಗವನ್ನು ಸಂತ ಲೂಕರು ತಮ್ಮ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಅವರಲ್ಲಿ ಒಬ್ಬನಿಗೆ ಮೊದಲು ತಂದೆಯನ್ನು ಸಮಾಧಿ ಮಾಡಬೇಕಿತ್ತು. ಇನ್ನೊಬ್ಬನಿಗೆ ಮೊದಲು ಮನೆಯವರಿಗೆ ಹೇಳಿ ಬರಬೇಕಿತ್ತು. ಎರಡೂ ಕೆಟ್ಟ ಕಾರಣಗಳಲ್ಲ. ಆದರೂ ಪ್ರಭು ನೇಗಿಲಿನ ಮಾತೆತ್ತಿದರು. ಉಳುವವನು ಹಿಂದೆ ನೋಡಿದರೆ ಸಾಲು ಸೊಟ್ಟಗಾಗುತ್ತದೆ ಎಂಬುದು ನಮ್ಮ ರೈತರಿಗೆ ಗೊತ್ತು. ದೇವರ ಸೇವೆಯನ್ನು ತಡೆಯುವುದು ಪಾಪವೊಂದೇ ಅಲ್ಲ; ‘ಮೊದಲು ಇದೊಂದು ಮುಗಿಯಲಿ’ ಎಂಬ ಒಳ್ಳೆಯ ಕಾರಣವೂ ತಡೆಯುತ್ತದೆ.

1651ರಲ್ಲಿ ಗೋವೆಯಲ್ಲಿ ಜನಿಸಿದ ಸಂತ ಜೋಸೆಫ್ ವಾಜ್ 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ 1684ರವರೆಗೆ ನಮ್ಮ ಕೆನರಾ ಸೀಮೆಯಲ್ಲಿ ಸೇವೆ ಮಾಡಿದರು. ಮಂಗಳೂರಿನ ಸಮೀಪದ ಮುಡಿಪುವಿನ ಪುಣ್ಯಕ್ಷೇತ್ರ ಇಂದಿಗೂ ಅವರನ್ನು ನೆನಪಿಸುತ್ತದೆ. ಆ ಕಾಲದಲ್ಲಿ ಶ್ರೀಲಂಕಾದ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕಥೋಲಿಕ ಆರಾಧನೆಯನ್ನು ನಿಷೇಧಿಸಿದ್ದರು. ಅಲ್ಲಿನ ವಿಶ್ವಾಸಿಗಳು ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ ಬದುಕುತ್ತಿದ್ದರು. ಈ ಸಂಕಟ ವಾಜ್ ಅವರನ್ನು ಸುಮ್ಮನಿರಗೊಡಲಿಲ್ಲ. 1687ರಲ್ಲಿ ಬಡ ಕೂಲಿಯವನ ವೇಷದಲ್ಲಿ ಅಲ್ಲಿಗೆ ಹೋದರು. ಕೊರಳಲ್ಲಿ ಜಪಮಾಲೆ ಧರಿಸಿ, ಮನೆಮನೆಗೆ ಭಿಕ್ಷೆಗೆ ಹೋಗಿ, ಅದನ್ನು ಕಂಡು ಕಣ್ಣರಳಿಸಿದವರಲ್ಲಿ ವಿಶ್ವಾಸಿಗಳನ್ನು ಗುರುತಿಸಿದರು.

ಹಿಂದಿರುಗಲು ಅವರಿಗೆ ಕಾರಣಗಳಿರಲಿಲ್ಲವೇ? ದಡ ಸೇರುವಾಗಲೇ ಕಾಯಿಲೆ ಬಿದ್ದಿದ್ದರು. 1692ರಲ್ಲಿ ಕ್ಯಾಂಡಿ ರಾಜ್ಯದಲ್ಲಿ ಗೂಢಚಾರರೆಂಬ ಸಂಶಯದಿಂದ ಸೆರೆಯಾದರು. 1697ರಲ್ಲಿ ಸಿಡುಬು ಹಬ್ಬಿದಾಗ ಜನರು ಊರು ಬಿಟ್ಟು ಓಡಿದರು, ಮನೆಯವರೇ ರೋಗಿಗಳನ್ನು ತೊರೆದರು. ವಾಜ್ ಅವರು ಮಾತ್ರ ಉಳಿದರು. ಮತಭೇದ ಎಣಿಸದೆ ರೋಗಿಗಳಿಗೆ ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ದೈವಾಧೀನರಾದರು. 24 ವರ್ಷಗಳಲ್ಲಿ ಒಮ್ಮೆಯೂ ಅವರು ಗೋವೆಗೆ ಮರಳಲಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಪ್ರಿಯರೇ, ನಾವೆಲ್ಲರೂ ಶ್ರೀಲಂಕಾಕ್ಕೆ ಹೋಗಬೇಕಾಗಿಲ್ಲ. ಆದರೆ ನಮ್ಮ ಕೈಯಲ್ಲೂ ಒಂದು ನೇಗಿಲಿದೆ. ಗುರುಗಳಾದ ನಮಗೆ ರಾತ್ರಿ ಬರುವ ರೋಗಿಯ ಕರೆ, ಉಪದೇಶಿಗೆ ಭಾನುವಾರದ ಧರ್ಮೋಪದೇಶ ತರಗತಿ, ತಂದೆತಾಯಿಯರಿಗೆ ಮಕ್ಕಳೊಂದಿಗೆ ಮಾಡುವ ಸಂಜೆಯ ಪ್ರಾರ್ಥನೆ. ನಾವು ಮುಂದೂಡಿದ ಸೇವೆಗಾಗಿ ಎಲ್ಲೋ ಒಬ್ಬರು ಕಾಯುತ್ತಿರುತ್ತಾರೆ. ಮರಣಶಯ್ಯೆಯಲ್ಲಿರುವವರಿಗೆ ನಾಳೆ ಎಂಬುದಿಲ್ಲ. ಬೆಳೆಯುವ ಮಗುವಿನ ಇಂದಿನ ವಯಸ್ಸು ಮರಳಿ ಬಾರದು.

ಆದ್ದರಿಂದ ಈ ಹಬ್ಬದಂದು ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ: ಯಾವ ಒಳ್ಳೆಯ ಕಾರಣ ನನ್ನನ್ನು ಪ್ರಭುವಿನ ಸೇವೆಯಿಂದ ಹಿಂದಕ್ಕೆಳೆಯುತ್ತಿದೆ? ಅದನ್ನು ಇಂದಿನ ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದೊಡನೆ ಕಾಣಿಕೆಯಾಗಿ ಅರ್ಪಿಸೋಣ. ಸಂತ ಜೋಸೆಫ್ ವಾಜ್ ನಮಗಾಗಿ ಪ್ರಾರ್ಥಿಸಲಿ. ಆಮೆನ್.