ಹಳೇ ಮೆಟಡೋರ್ ಕಾಯೋದು ಯಾಕೆ?

ನಮ್ಮ ಅಕ್ಕೂರು ಕಡೆ ಹಳೇ ಮೆಟಡೋರ್ ವ್ಯಾನು ಮಾಡದ ಕೆಲಸವಿಲ್ಲ. ಮಾವಿನ ಕಾಲಕ್ಕೆ ಹಣ್ಣು, ಬೆಳೆ ಬಂದಾಗ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು. ಜಾತ್ರೆ ಬಂತು ಅಂದರೆ ಸೀಟು ಕಿತ್ತು ಹಾಸಿಗೆ, ಸ್ಟೌ, ಅಕ್ಕಿ ಚೀಲ ತುಂಬ್ಕೊಂಡು ಮನೆಮಂದಿಯೆಲ್ಲ ಮಲೆ ಮಾದಪ್ಪನ ಬೆಟ್ಟಕ್ಕೆ. ಎರಡು ಮೂರು ದಿನ ಅದೇ ಮನೆ, ಅದೇ ಅಡಿಗೆಕೋಣೆ. ತಾಳಬೆಟ್ಟದವರೆಗೆ ಸುಮ್ಮನೆ ಬಂದ ಗಾಡಿ, ಬೆಟ್ಟ ಹತ್ತೋವಾಗ ಹಬೆ ಉಗುಳ್ತಾ ನಿಂತುಬಿಡುತ್ತೆ. ಹಳೇ ಗಾಡಿ ಕಾಯದೆ ಇನ್ನೇನು ಅಂತ ಒಂದು ಕ್ಯಾನ್ ಬೋರ್ ನೀರು ಸುರಿದು ಮುಂದಕ್ಕೆ ಹೋಗ್ತಾರೆ. ಬಹಳ ಸಲ ಆ ನೀರೇ ಕಾಯಿಲೆ.

ಈ ಗಾಡಿ ಮಾಡುತ್ತಿದ್ದದ್ದು ಪುಣೆಯ ಬಜಾಜ್ ಟೆಂಪೋ ಕಂಪನಿ (2005ರಿಂದ ಅದರ ಹೆಸರು ಫೋರ್ಸ್ ಮೋಟಾರ್ಸ್). ಅದರಲ್ಲಿ ಬರುತ್ತಿದ್ದ ಬೆಂಜ್ ನಮೂನೆಯ ಡೀಸೆಲ್ ಇಂಜಿನ್ನು ಗಟ್ಟಿ, ಸುಲಭಕ್ಕೆ ಸಾಯಲ್ಲ. ಇಂಜಿನ್ ಸುತ್ತ ಹರಿಯುವ ನೀರು ಕಾವು ಹೀರಿಕೊಂಡು ರೇಡಿಯೇಟರಿಗೆ ಬಂದು, ಸಣ್ಣ ಚಪ್ಪಟೆ ಕೊಳವೆಗಳಲ್ಲಿ ಗಾಳಿಗೆ ಆರಿ ವಾಪಸ್ ಹೋಗಬೇಕು. ನಮ್ಮ ಬೋರ್ ನೀರೋ ಗಡಸು. ಬಚ್ಚಲ ಹಂಡೆಯೊಳಗೆ ಬಿಳೀ ಪದರ ಕಟ್ಟೋದು, ಡ್ರಿಪ್ ತೂತು ಮುಚ್ಚಿಕೊಳ್ಳೋದು ನೀವೇ ನೋಡಿದ್ದೀರಿ. ಅದೇ ಸುಣ್ಣ ಆ ಕೊಳವೆಗಳಲ್ಲೂ ಇಂಜಿನ್ನಿನ ಒಳಗೋಡೆಗೂ ಕೂರುತ್ತೆ. ನೀರು ತುಂಬಿದ್ದರೂ ಹರಿಯಕ್ಕೆ ದಾರಿ ಇರಲ್ಲ, ಕಾವು ಬಿಡಕ್ಕೂ ಆಗಲ್ಲ.

ಎಲ್ಲ ಕಾವಿಗೂ ಇದೇ ಕಾರಣ ಅಲ್ಲ. ಸಂತೆಬೀದಿಯಲ್ಲಿ ನಿಧಾನ ಹೋಗೋವಾಗ ಮಾತ್ರ ಕಾದರೆ ಮೊದಲು ಫ್ಯಾನ್ ಬೆಲ್ಟ್ ನೋಡಿ, ರೇಡಿಯೇಟರ್ ರೆಕ್ಕೆಗಳಲ್ಲಿ ಧೂಳು ಹುಲ್ಲು ಸಿಕ್ಕಿದೆಯಾ ನೋಡಿ. ಏರಿನಲ್ಲಿ, ಲೋಡಿನಲ್ಲಿ ಕಾದರೆ ಒಳಗೆ ಕಟ್ಟಿರೋ ಅನುಮಾನ ಜಾಸ್ತಿ. ಗಾಡಿ ಓಡಿಸಿ ನಿಲ್ಲಿಸಿ, ಫ್ಯಾನು ನಿಂತ ಮೇಲೆ ರೇಡಿಯೇಟರ್ ಹತ್ತಿರ ಕೈ ಆಡಿಸಿ. ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗೆ ಇದ್ದರೆ ತಣ್ಣಗಿರೋ ಕೊಳವೆ ಮುಚ್ಚಿದೆ ಅಂತಲೇ ಲೆಕ್ಕ. ಇಂಜಿನ್ ಆಯಿಲು ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಓಡಿಸಲೇಬೇಡಿ.

ರೇಡಿಯೇಟರ್ ರಿಪೇರಿಯವರು ಹಳೇ ಹಿತ್ತಾಳೆ ರೇಡಿಯೇಟರಿನ ಮೇಲಿನ ಟ್ಯಾಂಕು ಬೆಸುಗೆ ಬಿಚ್ಚಿ, ಒಂದೊಂದು ಕೊಳವೆಗೂ ತೆಳು ಪಟ್ಟಿ ತೂರಿಸಿ ಕೆರೆದು ಕೊಡ್ತಾರೆ. ಡ್ರಿಪ್ಪಿಗೆ ಬಿಡೋ ಆಸಿಡ್ಡನ್ನ ಇದಕ್ಕೆ ಸುರಿಯೋ ಜಾಣತನ ಬೇಡ, ಲೋಹವನ್ನೂ ಬೆಸುಗೆಯನ್ನೂ ತಿನ್ನುತ್ತೆ. ಸೋರಿಕೆಗೆ ಅರಿಶಿನ ಪುಡಿ ಹಾಕೋದು ಮನೆ ಮುಟ್ಟೋಕೆ ಮಾತ್ರ. ಆಮೇಲೆ ತೊಳೆಸದಿದ್ದರೆ ಅದೂ ಹೋಗಿ ಕಟ್ಟಿಕೊಳ್ಳುತ್ತೆ. ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಂತ ಕೆಲವು ಮೆಕ್ಯಾನಿಕ್‌ಗಳು ಹೇಳ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಇಂಜಿನ್ನಿನಲ್ಲಿ ಅದನ್ನ ತೆಗೆದರೆ ಬಿಸಿನೀರು ಒಂದಿಷ್ಟು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ತೊಳೆಸಿದ ಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ ತುಂಬಿಸಿ. ದಾರಿಗೆ ಒಂದು ಕ್ಯಾನ್ ಸೋಸಿದ ಮಳೆನೀರು ಇಟ್ಟುಕೊಂಡರೆ ಬೋರ್ ನೀರಿಗಿಂತ ಎಷ್ಟೋ ವಾಸಿ, ಸುಣ್ಣ ಇರಲ್ಲ. ಬಿಟ್ಟ ಕೂಲೆಂಟ್ ಮಾತ್ರ ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿಯಾದ ವಿಷ, ನಾಯಿ ಕರು ನೆಕ್ಕಿದರೆ ಉಳಿಯಲ್ಲ.

ಏರಿನಲ್ಲಿ ಮುಳ್ಳು ಮೇಲೆ ಹೋಗ್ತಿದೆ ಅಂದರೆ ಗೇರ್ ಇಳಿಸಿ, ನೆರಳು ಸಿಕ್ಕ ಕಡೆ ನಿಲ್ಲಿಸಿ. ಹಬೆ ಇಲ್ಲದಿದ್ದರೆ ಒಂದೆರಡು ನಿಮಿಷ ಇಂಜಿನ್ ಹಾಗೇ ಓಡಲಿ. ಹಬೆ ನುಗ್ತಿದ್ದರೆ ತಕ್ಷಣ ಆಫ್. ರೇಡಿಯೇಟರ್ ಒಳಗೆ ಕುಕ್ಕರಿನಂಗೆ ಒತ್ತಡ ಇರುತ್ತೆ, ನೀರು 100 ಡಿಗ್ರಿ ದಾಟಿರುತ್ತೆ. ಮುಚ್ಚಳ ತಿರುಗಿಸಿದರೆ ಕುದಿಯೋ ನೀರು ನೇರ ಮುಖಕ್ಕೆ ಬರುತ್ತೆ. ಜನ ಅವಸರ ಮಾಡ್ತಾರೆ, ಗೂಡು ಇದೆ, ಮಾರ್ಕೆಟ್ಟು ಮುಗಿಯುತ್ತೆ ಅಂತಾರೆ. ಮಾಡಲಿ. ನೀವು ಒಂದು ಗಂಟೆ ಕಾಯಿರಿ. ಆಮೇಲೆ ದಪ್ಪ ಗೋಣಿ ಹಾಕಿ ಅರ್ಧ ಸುತ್ತು ತಿರುಗಿಸಿ, ಸುಯ್ ಅನ್ನೋ ಸದ್ದು ನಿಂತ ಮೇಲೆ ಪೂರ್ತಿ ತೆಗೀರಿ. ಇಂಜಿನ್ ಸ್ಟಾರ್ಟ್ ಮಾಡಿ ನೀರನ್ನ ಸ್ವಲ್ಪ ಸ್ವಲ್ಪವೇ ಬಿಡಿ. ಕಾದ ಇಂಜಿನ್ನಿಗೆ ತಣ್ಣೀರು ಒಂದೇ ಸಲ ಸುರಿದರೆ ಹೆಡ್ಡು ಸೀಳುತ್ತೆ, ಹಳೇ ಗಾಡಿಗೆ ಆ ಖರ್ಚು ಗಾಡಿಯ ಬೆಲೆಗೇ ಬಂದು ನಿಲ್ಲಬಹುದು.