ಸ್ಪೀಕರು ಕೊಳ್ಳುವ ಮುನ್ನ: ವಾಟನ್ನಲ್ಲ, ಮಾತನ್ನು ಕೇಳಿರಿ

ದೀಪಾವಳಿಯ ಬೋನಸು ಕೈಸೇರಿದೊಡನೆ ನಮ್ಮ ನಾಡಬಾಂಧವರಲ್ಲಿ ಅನೇಕರು ಕೊಳ್ಳಬಯಸುವ ಸಾಮಾನುಗಳಲ್ಲಿ ಸ್ಪೀಕರೂ ಒಂದು. ಹೋಟೆಲಿನ ಮಾಳಿಗೆಯಲ್ಲಿ ಏಳೆಂಟು ಮಂದಿ ಒಟ್ಟಿಗೆ ಮಲಗುವ ಹುಡುಗರಿಗೆ ಅಂಗೈಯಗಲದ ಬ್ಲೂಟೂತ್ ಸ್ಪೀಕರು ಸಾಕು. ಉಪನಗರದ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿರುವ ಗುಮಾಸ್ತರಿಗೆ ಟಿ.ವಿ.ಯ ಕೆಳಗಿಡುವ ಉದ್ದನೆಯ ಸೌಂಡ್‌ಬಾರ್ ಬೇಕು. ಸಾಲಮಾಡಿ ಹಳೆಯ ಕಾರೊಂದನ್ನು ಕೊಂಡವರಿಗೆ ಅದರ ಬಾಗಿಲುಗಳಲ್ಲಿ ಒಳ್ಳೆಯ ಸ್ಪೀಕರುಗಳಿರಬೇಕೆಂಬ ಆಸೆ. ಆಸೆ ತಪ್ಪಲ್ಲ. ಆದರೆ ಅಂಗಡಿಯ ಮೆಟ್ಟಿಲೇರಿದೊಡನೆ ಎದುರಾಗುವುದು ಮಿನುಗುವ ಬಣ್ಣದ ದೀಪಗಳು, ಮತ್ತು ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾದ ‘5,000 ವಾಟ್’ ಎಂಬ ಘೋಷಣೆ. ಕಿವಿಗಾಗಿ ಕೊಳ್ಳಬೇಕಾದ ವಸ್ತುವನ್ನು ನಾವು ಕಣ್ಣಿನಿಂದ ಕೊಂಡು ತರುವುದು ಹೀಗೆ.

ಊರು ಬಿಟ್ಟು ಬಂದ ನಮಗೆ ಸ್ಪೀಕರು ಬರಿಯ ಶೋಕಿಯ ಸಾಮಾನಲ್ಲವೆಂಬುದನ್ನು ಮೊದಲು ನೆನೆಯಬೇಕು. ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಬೆಳೆಯುವ ನಮ್ಮ ಮಕ್ಕಳಿಗೆ ಬೀದಿಯಲ್ಲಿ ಕನ್ನಡವಿಲ್ಲ, ಬಹುಮಟ್ಟಿಗೆ ಶಾಲೆಯಲ್ಲಿಯೂ ಇಲ್ಲ. ತಾಯಿತಂದೆಯರ ಮಾತನ್ನು ಬಿಟ್ಟರೆ, ಕನ್ನಡವು ಅವರ ಕಿವಿಗೆ ಬೀಳುವುದು ವಾರ್ತೆ, ಹಾಡು, ನಾಟಕ, ತಾಳಮದ್ದಳೆಗಳ ಮೂಲಕ. ಅವುಗಳೆಲ್ಲ ಬರುವುದು ಸ್ಪೀಕರಿನ ಮೂಲಕ. ‘ಹಲ್ಲಿ’ ಮತ್ತು ‘ಹಳ್ಳಿ’ಗಳ ಅಂತರವನ್ನೂ, ‘ಸ’ಕಾರ ‘ಶ’ಕಾರಗಳ ಅಂತರವನ್ನೂ ತಿಳಿಸುವ ಸೂಕ್ಷ್ಮಾಂಶಗಳು ಧ್ವನಿಯ ಮೇಲ್‌ಸ್ತರದಲ್ಲಿ, ಸುಮಾರು 2,000ದಿಂದ 8,000 ಹರ್ಟ್ಸ್‌ಗಳ ನಡುವೆ ಇರುತ್ತವೆ. ಕೆಳಸ್ವರವನ್ನೇ ಉಬ್ಬಿಸಿ ಈ ಮೇಲ್‌ಸ್ತರವನ್ನು ಮಬ್ಬುಗೊಳಿಸುವ ಪೆಟ್ಟಿಗೆಯನ್ನು ಮನೆಗೆ ತಂದರೆ, ಮಕ್ಕಳು ಕೇಳುವ ಕನ್ನಡವೂ ಮಬ್ಬಾದದ್ದೇ. ಆದುದರಿಂದ ಸ್ಪೀಕರಿನ ಮೊದಲನೆಯ ಗುಣ ಅಬ್ಬರವಲ್ಲ, ಮಾತಿನ ಸ್ಪಷ್ಟತೆ.

ವಾಟಿನ ಲೆಕ್ಕ

ಇಂದಿನ ಸ್ಪೀಕರಿನ ಮೂಲರೂಪಕ್ಕೆ ನೂರು ವರುಷ ತುಂಬಿದೆ. ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು 1925ರಲ್ಲಿ ಇದರ ವಿವರವನ್ನು ಪ್ರಕಟಿಸಿದರು. ಅಯಸ್ಕಾಂತದ ನಡುವೆ ತೂಗುವ ಒಂದು ತಂತಿಯ ಸುರುಳಿ. ಅದಕ್ಕಂಟಿದ ಕಾಗದದ ಶಂಕು. ವಿದ್ಯುತ್ತು ಏರಿಳಿದಂತೆ ಸುರುಳಿ ಹಿಂದೆ ಮುಂದೆ ಚಲಿಸುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ, ಅದೇ ನಾವು ಕೇಳುವ ಧ್ವನಿ. ದೊಡ್ಡ ಶಂಕು ಕೆಳಸ್ವರವನ್ನು ಚೆನ್ನಾಗಿ ನುಡಿಸುತ್ತದೆ, ಅದಕ್ಕೆ ವೂಫರ್ ಎಂದು ಹೆಸರು. ಮೇಲ್‌ಸ್ವರಕ್ಕೆ ಚಿಕ್ಕದಾದ ಟ್ವೀಟರ್ ಬೇಕು. ತತ್ತ್ವ ಇಷ್ಟೇ.

ಇನ್ನು ವಾಟಿನ ಮಾತು. ಸ್ಪೀಕರಿನ ವಿವರಪಟ್ಟಿಯಲ್ಲಿ ನೋಡಬೇಕಾದ ಮೊದಲನೆಯ ಅಂಕಿ ‘ಸೆನ್ಸಿಟಿವಿಟಿ’. ಒಂದು ವಾಟ್ ವಿದ್ಯುತ್ತು ಕೊಟ್ಟಾಗ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆಂಬುದನ್ನು ಅದು ಹೇಳುತ್ತದೆ. ಮನೆಯ ಸಾಧಾರಣ ಸ್ಪೀಕರೊಂದಕ್ಕೆ ಇದು 85 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ವಿದ್ಯುತ್ತನ್ನು ಹತ್ತರಲ್ಲೊಂದು ಪಾಲಿಗಿಳಿಸಿದರೆ ಧ್ವನಿ 10 ಡೆಸಿಬೆಲ್ ಮಾತ್ರ ಇಳಿದು 75ಕ್ಕೆ ಬರುತ್ತದೆ. ಚಿಕ್ಕ ಕೋಣೆಯಲ್ಲಿ ಅದೂ ಗಟ್ಟಿಯಾದ ಧ್ವನಿಯೇ. ಅಂದರೆ ನಿತ್ಯ ಹಾಡು ಕೇಳಲು ಬೇಕಾಗುವುದು ಒಂದು ವಾಟಿನ ಹತ್ತನೆಯ ಒಂದು ಪಾಲು! ಪೆಟ್ಟಿಗೆಯ ಮೇಲೆ ಐದು ಸಾವಿರ ಬರೆದಿದ್ದರೆ ಬಂದ ಲಾಭವೇನು?

ಆ ಐದು ಸಾವಿರವಾದರೂ ನಿಜವೆ? ಅದರ ಪಕ್ಕದಲ್ಲಿ ಸಣ್ಣಕ್ಷರಗಳಲ್ಲಿ ‘ಪಿ.ಎಂ.ಪಿ.ಒ.’ ಎಂದಿರುತ್ತದೆ. ಕ್ಷಣಮಾತ್ರದ ಗರಿಷ್ಠ ಬಲವೆಂಬ ಹೆಸರಿನಲ್ಲಿ ಕೊಡುವ ಈ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದುದು ‘ಆರ್.ಎಂ.ಎಸ್.’ ಎಂಬ ಅಂಕಿಯನ್ನು; ಅದು ಎಡೆಬಿಡದೆ ನಡೆಯಬಲ್ಲ ಬಲ. ಅದೂ ಬರೆದಿಲ್ಲವಾದರೆ ಗುಮಾಸ್ತರಿಗೆ ಸುಲಭವಾದ ಒಂದು ಲೆಕ್ಕವಿದೆ. ಗೋಡೆಗೆ ಚುಚ್ಚುವ ಅಡಾಪ್ಟರಿನ ಮೇಲೆ ವೋಲ್ಟ್ ಮತ್ತು ಆಂಪಿಯರ್ ಬರೆದಿರುತ್ತವೆ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಗುಣಿಸಿರಿ: 24 ವಾಟ್. ಒಳಕ್ಕೆ 24 ವಾಟ್ ಹೋಗುವ ಯಂತ್ರದಿಂದ ಹೊರಕ್ಕೆ ಎಡೆಬಿಡದೆ 1,000 ವಾಟ್ ಬರಲಾರದು. ಒಂದು ಸೇರು ಅಕ್ಕಿಯಿಂದ ನೂರು ಎಲೆಗೆ ಅನ್ನ ಬಡಿಸುವೆನೆಂದು ಅಡುಗೆಯ ಭಟ್ಟರು ಹೇಳಿದರೆ ನಾವು ನಂಬುವೆವೆ?

ಎರಡು ಸ್ಪೀಕರುಗಳಲ್ಲಿ ಒಂದರ ಸೆನ್ಸಿಟಿವಿಟಿ 85, ಇನ್ನೊಂದರದು 88 ಆಗಿದ್ದರೆ, ಮೊದಲನೆಯದಕ್ಕೆ 10 ವಾಟ್ ಕೊಟ್ಟು ಪಡೆಯುವ ಧ್ವನಿಯನ್ನು ಎರಡನೆಯದು 5 ವಾಟಿನಲ್ಲಿಯೇ ಕೊಡುತ್ತದೆ. ಮೂರು ಡೆಸಿಬೆಲಿನ ಬೆಲೆ ಅರ್ಧ ವಿದ್ಯುತ್ತು. ಹತ್ತಡಿ ಉದ್ದ, ಹತ್ತಡಿ ಅಗಲದ ಖೋಲಿಗೆ 10ರಿಂದ 20 ನಿಜವಾದ ವಾಟುಗಳು ಬೇಕಾದಷ್ಟಾಯಿತು.

ಅಂಗಡಿಯಲ್ಲಿ ಪರೀಕ್ಷೆ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಪುಣೆಯ ತಾಪ್‌ಕೀರ್ ಗಲ್ಲಿ, ಚೆನ್ನೈಯ ರಿಚಿ ಸ್ಟ್ರೀಟ್, ಹೈದರಾಬಾದಿನ ಕೋಠಿ, ದೆಹಲಿಯ ಕೆಂಪುಕೋಟೆಯೆದುರಿನ ಲಜಪತರಾಯ್ ಮಾರ್ಕೆಟ್ – ಇವುಗಳಲ್ಲಿ ಯಾವುದಕ್ಕೆ ಹೋದರೂ ಅಂಗಡಿಯವರು ತಾವಾಗಿಯೇ ಹಾಕಿ ಕೇಳಿಸುವುದು ‘ಧಂ ಧಂ’ ಎನ್ನುವ ಹಾಡನ್ನೇ. ರುಚಿಯಿಲ್ಲದ ಹುಳಿಗೆ ಖಾರ ಹೆಚ್ಚು ಸುರಿದು ಗಿರಾಕಿಯ ಕಣ್ಣಲ್ಲಿ ನೀರು ತರಿಸುವ ಉಪಾಯದಂತೆ ಇದೂ ಒಂದು. ಅಲ್ಲಿ ಎದೆ ನಡುಗಿಸಿದ ಪೆಟ್ಟಿಗೆಯು ಮನೆಯಲ್ಲಿ ಅರ್ಧ ಗಂಟೆಯೊಳಗೆ ತಲೆನೋವು ತರುತ್ತದೆ.

ಪರೀಕ್ಷೆಯ ಸಾಮಗ್ರಿಯನ್ನು ನಾವೇ ಮೊಬೈಲಿನಲ್ಲಿ ಕೊಂಡೊಯ್ಯಬೇಕು. ಮೊದಲನೆಯದು, ಕನ್ನಡ ವಾರ್ತೆ ಅಥವಾ ಭಾಷಣದ ಐದು ನಿಮಿಷ. ಧ್ವನಿಯನ್ನು ತಗ್ಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೇಳಿರಿ. ಪ್ರತಿ ಶಬ್ದವೂ ಬಿಡಿಬಿಡಿಯಾಗಿ ತಿಳಿಯಬೇಕು. ಗಂಡಸಿನ ಧ್ವನಿ ಗಡಿಗೆಯೊಳಗಿನಿಂದ ಬಂದಂತಿರಬಾರದು. ‘ಸ’ಕಾರ ಸೀಟಿಯಂತೆ ಕಿವಿಗೆ ಚುಚ್ಚಬಾರದು. ಎರಡನೆಯದು, ಚೆನ್ನಾಗಿ ಮುದ್ರಿತವಾದ ಯಕ್ಷಗಾನ. ಸ್ಪೀಕರಿನ ಯೋಗ್ಯತೆಯನ್ನು ಬಯಲಿಗೆಳೆಯುವುದರಲ್ಲಿ ಇದಕ್ಕೆ ಸಮಾನವಾದುದು ವಿರಳ. ಚೆಂಡೆಯ ಪೆಟ್ಟು ಚುರುಕಾಗಿ ಬಂದು ಅಷ್ಟೇ ಚುರುಕಾಗಿ ನಿಲ್ಲಬೇಕು. ಮದ್ದಳೆಯ ಎಡದ ನಾದ ದುಂಡಗಿರಬೇಕು. ತಾಳದ ಕಿಣಿ ಒಡೆದ ಗಾಜಿನಂತಾಗಬಾರದು. ಇವೆಲ್ಲದರ ನಡುವೆ ಭಾಗವತರ ಪದದ ಸಾಹಿತ್ಯ ಅಳಿಯದೆ ನಿಲ್ಲಬೇಕು. ಮೂರನೆಯದು, ಧ್ವನಿಯನ್ನು ಮುಕ್ಕಾಲು ಪಾಲಿಗೇರಿಸಿ ಒಂದು ನಿಮಿಷ ಕೇಳುವುದು. ಆಗ ಗರಗರವೆಂದರೆ, ಪೆಟ್ಟಿಗೆಯೇ ನಡುಗಿದರೆ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಬೆಲೆ ಕೇಳುವುದು ಆಮೇಲಿನ ಮಾತು.

ಬ್ಲೂಟೂತ್ ಸ್ಪೀಕರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಆ ಗುರುತು ಪೆಟ್ಟಿಗೆಯ ಮೇಲಿದೆಯೇ ನೋಡಿರಿ. ‘ಐ.ಪಿ. 67’ ಎಂದಿದ್ದರೆ ಧೂಳು ಒಳಹೊಗದು, ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡದು ಎಂದರ್ಥ. ಆದರೆ ಅದು ತಿಳಿನೀರಿನ ಪರೀಕ್ಷೆಯೇ ಹೊರತು ಇಡ್ಲಿಯ ಹಬೆಯ ಪರೀಕ್ಷೆಯಲ್ಲವೆಂಬುದನ್ನು ಅಡುಗೆಮನೆಯ ಬಂಧುಗಳು ಮರೆಯಬಾರದು. ಒಳಗಿರುವುದು ಲಿಥಿಯಂ ಬ್ಯಾಟರಿ. ಒಲೆಯ ಪಕ್ಕದಲ್ಲಿಟ್ಟು ಚಾರ್ಜು ಮಾಡುವುದು ಅಪಾಯಕರ.

ಟಿ.ವಿ.ಗೆಂದು ಸೌಂಡ್‌ಬಾರ್ ಕೊಳ್ಳುವವರು ‘ಎಚ್.ಡಿ.ಎಂ.ಐ. ಎ.ಆರ್.ಸಿ.’ ಎಂಬ ಕಿಂಡಿ ಟಿ.ವಿ.ಯಲ್ಲಿಯೂ ಬಾರಿನಲ್ಲಿಯೂ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಬ್ಲೂಟೂತಿನಲ್ಲಿ ಧ್ವನಿ ತುಸು ತಡವಾಗಿ ಬಂದು, ಪಾತ್ರಧಾರಿಯ ತುಟಿಯೊಂದು, ಮಾತೊಂದು ಎಂಬಂತಾಗುವುದುಂಟು. ತೆಳುವಾದ ಇಂದಿನ ಟಿ.ವಿ.ಗಳಲ್ಲಿ ಸ್ಪೀಕರುಗಳು ಚಿಕ್ಕವು. ಬಹುತೇಕ ಕೆಳಕ್ಕೋ ಹಿಂದಕ್ಕೋ ಮುಖಮಾಡಿರುವವು. ಮಾತು ತಿಳಿಯದಿರುವುದಕ್ಕೆ ಮನೆಯ ಹಿರಿಯರ ಕಿವಿಯನ್ನೇ ದೂರಬೇಕಾಗಿಲ್ಲ.

ಎಲ್ಲಿಡಬೇಕು?

ಒಳ್ಳೆಯ ಸ್ಪೀಕರನ್ನು ತಂದು ಕಪಾಟಿನ ತುದಿಯಲ್ಲಿ, ಸೂರಿಗೆ ತಾಗುವಂತೆ ಇಡುವವರುಂಟು. ಟ್ವೀಟರು ಕುಳಿತವರ ಕಿವಿಯ ಮಟ್ಟದಲ್ಲಿರಬೇಕು. ಎರಡು ಸ್ಪೀಕರುಗಳಿದ್ದರೆ ಅವೆರಡರ ನಡುವಣ ದೂರವೂ ಅವುಗಳಿಂದ ನಿಮಗಿರುವ ದೂರವೂ ಬಹುಮಟ್ಟಿಗೆ ಸಮವಾಗಿರಲಿ. ಗೋಡೆಯ ಮೂಲೆಗೆ ಒತ್ತಿಟ್ಟಷ್ಟೂ ಕೆಳಸ್ವರ ಉಬ್ಬಿ ಮಾತನ್ನು ಮುಚ್ಚುತ್ತದೆ. ಒಂದು ಗೇಣು ಮುಂದಕ್ಕೆ ತಂದು ನೋಡಿರಿ, ಖರ್ಚಿಲ್ಲದೆ ಗುಣ ಕಾಣುವುದು. ಬರಿಯ ಟೈಲ್ಸ್ ಮತ್ತು ಬೋಳು ಗೋಡೆಗಳ ಕೋಣೆ ಮಾರ್ದನಿಗುಡುತ್ತದೆ. ದಪ್ಪ ಪರದೆ, ಬಟ್ಟೆ ತೂಗುಹಾಕಿದ ಗೂಟ, ಸುರುಳಿಸುತ್ತಿಟ್ಟ ಹಾಸಿಗೆ – ಇವೇ ನಮ್ಮ ಬಿಡಾರಗಳ ಮಾರ್ದನಿಗೆ ಮದ್ದು.

ತಂತಿಯ ಸ್ಪೀಕರುಗಳಲ್ಲಿ ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಬೇಕು. ಒಂದು ಸ್ಪೀಕರಿನ ತಂತಿ ಅದಲುಬದಲಾದರೂ, ಒಂದು ಶಂಕು ಮುಂದಕ್ಕೆ ಬರುವಾಗ ಇನ್ನೊಂದು ಹಿಂದಕ್ಕೆ ಸರಿದು, ಕೆಳಸ್ವರ ಸೊರಗುತ್ತದೆ. ಹಾಡುಗಾರನು ಎಲ್ಲಿರುವನೆಂದೇ ತಿಳಿಯದಾಗುತ್ತದೆ. ಹಾಗೆಯೇ, 8 ಓಮ್‌ಗೆಂದು ಮಾಡಿದ ಆಂಪ್ಲಿಫಯರಿಗೆ 4 ಓಮಿನ ಸ್ಪೀಕರನ್ನು ಜೋಡಿಸಿದರೆ ಅದು ಕಾದು ಕೆಡಬಹುದು.

ಕಾರಿನ ಮಾತು

ಕಾರಿನ ಸ್ಪೀಕರುಗಳು ಸಾಮಾನ್ಯವಾಗಿ 4 ಓಮಿನವು. ಬಾಗಿಲಿನಲ್ಲಿ ಆರೂವರೆ ಅಂಗುಲದವು ಹೆಚ್ಚು ರೂಢಿ. ಕಾರಿನೊಡನೆ ಬಂದ ಸ್ಟೀರಿಯೋದ ಮೇಲೆ ‘50 ವಾಟ್ × 4’ ಎಂದು ಬರೆದಿದ್ದರೂ ಎಡೆಬಿಡದೆ ಅದು ಕೊಡುವುದು ಒಂದೊಂದು ಸ್ಪೀಕರಿಗೆ 15ರಿಂದ 20 ವಾಟ್ ಮಾತ್ರ. ಆದುದರಿಂದ ಬೇರೆ ಆಂಪ್ಲಿಫಯರ್ ಹಾಕಿಸದವರು 90 ಡೆಸಿಬೆಲಿನ ಸುತ್ತಮುತ್ತಲ ಸೆನ್ಸಿಟಿವಿಟಿ ಇರುವುದನ್ನೇ ಆರಿಸಬೇಕು. ವೂಫರು ಟ್ವೀಟರುಗಳೆರಡೂ ಒಂದರಲ್ಲಿಯೇ ಕೂಡಿರುವ ‘ಕೋಆಕ್ಸಿಯಲ್’ ಅಗ್ಗ, ಜೋಡಿಸುವುದೂ ಸುಲಭ. ಬೇರೆಬೇರೆಯಾಗಿರುವ ‘ಕಾಂಪೊನೆಂಟ್’ ಜೋಡಿಯಲ್ಲಿ ಟ್ವೀಟರನ್ನು ಮೇಲೆ, ಕಿವಿಗೆ ಹತ್ತಿರವಾಗಿ ಕೂರಿಸಬಹುದಾದುದರಿಂದ ಮಾತು ಮೊಳಕಾಲಿನ ಬಳಿಯಿಂದ ಬಾರದೆ ಎದುರಿನಿಂದ ಬರುತ್ತದೆ. ಹಣ ಸ್ವಲ್ಪವೇ ಇದ್ದರೆ ಮುಂದಿನ ಎರಡು ಬಾಗಿಲುಗಳಿಗೆ ಒಳ್ಳೆಯದನ್ನು ಹಾಕಿಸಿ ಹಿಂದಿನವನ್ನು ಇದ್ದಂತೆಯೇ ಬಿಡುವುದು ಲೇಸು.

ಬಾಗಿಲಿನ ತಗಡು ನಡುಗದಂತೆ ಒಳಗೆ ಹಾಳೆ ಅಂಟಿಸಿ, ತೂತುಗಳನ್ನು ಮುಚ್ಚಿಸಿದರೆ ಸಾಧಾರಣ ಸ್ಪೀಕರೂ ಸುಧಾರಿಸುವುದು. ಕಂಪೆನಿಯ ತಂತಿಗಳನ್ನು ಕತ್ತರಿಸಲು ಬಿಡದೆ, ಕಪ್ಲರ್ ಮೂಲಕವೇ ಜೋಡಿಸಲು ಹೇಳಿರಿ. ಆಂಪ್ಲಿಫಯರ್ ಹಾಕಿಸುವುದಾದರೆ ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸ್ ಇರತಕ್ಕದ್ದು. ಅದಿಲ್ಲದೆ ತಂತಿ ತಗಡಿಗೆ ತಾಗಿದರೆ ಬೆಂಕಿ ಹತ್ತಬಹುದು. ಡಿಕ್ಕಿಯನ್ನೆಲ್ಲ ನುಂಗುವ ದೊಡ್ಡ ಸಬ್‌ವೂಫರನ್ನು ಹಾಕಿಸುವ ಮುನ್ನ, ಮುಂಬಯಿಯಿಂದ ಮಂಗಳೂರಿಗಿರುವ ಸುಮಾರು 900 ಕಿಲೋಮೀಟರುಗಳನ್ನೂ, ರಜೆಯಲ್ಲಿ ಮನೆಮಂದಿಯ ಗಂಟುಮೂಟೆಗಳನ್ನೂ ನೆನೆದುಕೊಳ್ಳುವುದು ಒಳ್ಳೆಯದು. ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ಕೇಳಿಸದಷ್ಟು ಧ್ವನಿ ಯಾವ ಕಾರಿಗೂ ಸಲ್ಲದು.

ಕಿವಿಯ ಬಂಡವಾಳ

ಕೊನೆಯದಾಗಿ, ಹೋಟೆಲಿನಲ್ಲಿ ದುಡಿಯುವ ಬಂಧುಗಳಿಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ. 100 ಆದರೆ ವಾರಕ್ಕೆ 20 ನಿಮಿಷ ಮಾತ್ರ. ರುಬ್ಬುವ ಯಂತ್ರ, ಹೊಗೆ ಸೆಳೆಯುವ ಪಂಖ, ತಟ್ಟೆ ಲೋಟಗಳ ಸದ್ದು – ಇವುಗಳ ನಡುವೆ ಹಗಲೆಲ್ಲ ಕಳೆದವನ ಕಿವಿ ಆ ವಾರದ ಪಾಲನ್ನು ಕೆಲಸದಲ್ಲಿಯೇ ಬಹಳಷ್ಟು ಮುಗಿಸಿರುತ್ತದೆ. ರಾತ್ರಿ ಅದೇ ಕಿವಿಗೆ ಸ್ಪೀಕರಿನ ಅಬ್ಬರವನ್ನು ಸುರಿದರೆ, ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ; ಸತ್ತವು ಮತ್ತೆ ಹುಟ್ಟವು. ಮೊದಲು ಮಂಕಾಗುವುದು ಮೇಲ್‌ಸ್ವರವೇ. ಗಿರಾಕಿ ಕೇಳಿದ್ದು ಒಂದು, ಮಾಣಿ ಕೂಗಿ ಹೇಳಿದ್ದು ಇನ್ನೊಂದು ಎಂಬಂತಾದರೆ ಅನ್ನದ ದಾರಿಗೇ ತೊಡಕು.

ನೆರೆಹೊರೆಯವರ ಮಾತೂ ಇದೆ. ಕೇಂದ್ರ ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ. ಮನೆಯ ಸ್ಪೀಕರಿನ ಸದ್ದು ಮನೆಯ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲಿಗಿಂತ ಹೆಚ್ಚು ಮೀರಬಾರದು. ಪರಸ್ಥಳದಲ್ಲಿ ಬಾಳುವ ನಮಗೆ ಗೋಡೆಯಾಚೆಯವರ ಸೌಹಾರ್ದವು ಕಾಯಿದೆಗಿಂತಲೂ ದೊಡ್ಡದು.

ಆದುದರಿಂದ ವಾಚಕರು ಅಂಗಡಿಗೆ ಹೋಗುವ ಮುನ್ನ ಕೋಣೆಯನ್ನು ಅಳೆಯಲಿ, ಮೊಬೈಲಿನಲ್ಲಿ ಕನ್ನಡದ ಮಾತನ್ನೂ ಒಂದು ಯಕ್ಷಗಾನ ಪದವನ್ನೂ ಇಟ್ಟುಕೊಳ್ಳಲಿ, ಅಡಾಪ್ಟರಿನ ಅಂಕಿಗಳನ್ನು ಗುಣಿಸಿ ನೋಡಲಿ. ತಗ್ಗಿದ ಧ್ವನಿಯಲ್ಲಿಯೂ ಮಾತು ಸ್ಪಷ್ಟವಾಗಿ ತಿಳಿಯುವ ಸ್ಪೀಕರು ಚಿಕ್ಕದಾಗಿದ್ದರೂ ಸರಿ, ಅದಕ್ಕೆ ಬಣ್ಣದ ದೀಪವಿಲ್ಲದಿದ್ದರೂ ಸರಿ. ಬೆವರು ಸುರಿಸಿ ಗಳಿಸಿದ ಹಣವನ್ನು ಅದಕ್ಕೆ ಧಾರಾಳವಾಗಿ ಕೊಡಬಹುದು.